ಮಳೆಗಾಲದಲ್ಲಿ ಶ್ರುತಿ ಏರುವ ಪಿಯಾನೊ

ಕಾವೇರಿ ದಂಡೆಯ ಕೊಪ್ಪದಿಂದ ಓದುಗರೊಬ್ಬರು ಕೇಳಿದ್ದಾರೆ: ಬೇಸಿಗೆಯಲ್ಲಿ ಶ್ರುತಿ ಮಾಡಿಸಿದ ಪಿಯಾನೊ ಮಳೆ ಹಿಡಿದೊಡನೆ ಅಪಸ್ವರ ನುಡಿಯುತ್ತದೆ, ತಂತಿ ಸಡಿಲವಾಯಿತೇ?

ಸಡಿಲವಾಗಿಲ್ಲ, ಇನ್ನಷ್ಟು ಬಿಗಿಯಾಗಿದೆ. ಪಿಯಾನೊದ 88 ಮನೆಗಳಿಗೆ ಸುಮಾರು 230 ಉಕ್ಕಿನ ತಂತಿಗಳಿವೆ. ಎಲ್ಲದರ ಸೆಳೆತ ಸೇರಿ 18-20 ಟನ್. ಆ ಸೆಳೆತವನ್ನು ಎರಕದ ಕಬ್ಬಿಣದ ಚೌಕಟ್ಟು ಹೊರುತ್ತದೆ. ನಾದವನ್ನು ಹಿಗ್ಗಿಸುವುದು ಮಾತ್ರ ತಂತಿಗಳ ಕೆಳಗಿನ ತೆಳುವಾದ ಸ್ಪ್ರೂಸ್ ಮರದ ಹಲಗೆ. ಆಷಾಢದಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವ ಬಾಗಿಲಿನಂತೆಯೇ ಇದೂ ತೇವ ಹೀರಿ ಅಗಲವಾಗುತ್ತದೆ. ಅಂಚು ಬಿಗಿದಿರುವುದರಿಂದ ಅದಕ್ಕೆ ಮೇಲಕ್ಕೆ ಉಬ್ಬುವುದೊಂದೇ ದಾರಿ. ಆಗ ಹಲಗೆಯ ಮೇಲೆ ತಂತಿಗಳಿಗೆ ಆಧಾರವಾಗಿರುವ ಕುದುರೆ ಅವನ್ನು ಎತ್ತುತ್ತದೆ, ಶ್ರುತಿ ಏರುತ್ತದೆ. ಮಧ್ಯ ಸ್ಥಾಯಿಯಲ್ಲಿ ಹೆಚ್ಚು, ಅಂಚಿನ ಸ್ಥಾಯಿಗಳಲ್ಲಿ ಕಡಿಮೆ. ಎಲ್ಲವೂ ಸಮನಾಗಿ ಏರದೆ ಇರುವುದರಿಂದಲೇ ಕಿವಿಗೆ ಕಿರಿಕಿರಿ. ಬೇಸಿಗೆಗೆ ಹಲಗೆ ಒಣಗಿ ಇಳಿದಾಗ ಶ್ರುತಿಯೂ ಇಳಿಯುತ್ತದೆ.

ಹೀಗೆ ಏರಿಳಿದ ಪಿಯಾನೊವನ್ನು ಮತ್ತೆ ಶ್ರುತಿ ಮಾಡುವವರ ಕಿವಿಯ ಕೆಲಸ ನನಗೆ ಅಚ್ಚುಮೆಚ್ಚು. ವೀಣೆಯಲ್ಲಿ ಷಡ್ಜ-ಪಂಚಮ 2:3ರಲ್ಲಿ ಅಚ್ಚುಕಟ್ಟಾಗಿ ಕೂಡುತ್ತವೆ. ಪಿಯಾನೊದಲ್ಲಿ ಯಾವ ಮನೆಯನ್ನು ಷಡ್ಜ ಮಾಡಿಕೊಂಡರೂ ನಡೆಯಬೇಕು. ಹಾಗಾಗಿ ಪ್ರತಿ ಪಂಚಮವನ್ನೂ ಕೂದಲೆಳೆಯಷ್ಟು ಇಳಿಸುತ್ತಾರೆ. 440 ಹರ್ಟ್ಸ್‌ನ ಸ್ವರಕ್ಕೆ ಶುದ್ಧ ಪಂಚಮ 660, ಪಿಯಾನೊದಲ್ಲಿ 659.26. ಮೊದಲ ಸ್ವರದ ಮೂರನೇ ಸಹಸ್ವರ 1320, ಎರಡನೆಯದರ ದ್ವಿಗುಣ ಸುಮಾರು 1318.5. ಈ ಅಂತರ ಸೆಕೆಂಡಿಗೆ ಒಂದೂವರೆ ಬಾರಿ ಅಲೆಯಾಗಿ ಕೇಳಿಸುತ್ತದೆ. ಆ ಅಲೆ ಎಣಿಸುವುದೇ ಅವರ ವಿದ್ಯೆ.

ಮೈಸೂರಿಗೆ ಪಿಯಾನೊದ ನಾದ ಹೊಸದಲ್ಲ. ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಸ್ವತಃ ಪಿಯಾನೊ ನುಡಿಸುತ್ತಿದ್ದರು. ರಷ್ಯಾದ ಸಂಗೀತ ರಚನಕಾರ ಮೆಡ್ಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದರು.

ಈಗ ಆ್ಯಪ್ ನೋಡಿ ತಾವೇ ಶ್ರುತಿ ಮಾಡಿಕೊಳ್ಳುವವರಿದ್ದಾರೆ. ಆ್ಯಪ್ ಕಂಪನ ಅಳೆಯಬಲ್ಲದು, ತಂತಿ ಸುತ್ತಿದ ಮೊಳೆ ಮರದೊಳಗೆ ಭದ್ರವಾಗಿ ಕೂತಿತೇ ಎಂಬುದು ಅದಕ್ಕೆ ತಿಳಿಯದು. ಅದು ಕೈಗೆ ಮಾತ್ರ ಗೊತ್ತು. ಅಳೆದದ್ದು ಸರಿಯಿದ್ದರೂ ಮೊಳೆ ಕೂರದಿದ್ದರೆ ನಾಲ್ಕು ದಿನದಲ್ಲಿ ಶ್ರುತಿ ಜಾರುತ್ತದೆ.

ಆದ್ದರಿಂದ ಕೊಪ್ಪದ ಓದುಗರಿಗೆ ನನ್ನ ಸಲಹೆ: ಪಿಯಾನೊವನ್ನು ಹೊರಗೋಡೆಗೂ ಕಿಟಕಿಗೂ ಒತ್ತಿ ಇಡಬೇಡಿ. ಕೋಣೆಯ ತೇವವನ್ನು ವರ್ಷವಿಡೀ ಆದಷ್ಟು ಒಂದೇ ಮಟ್ಟದಲ್ಲಿಡಿ. ತಂತಿಗೆ ಬಡಿಯುವ ಸುತ್ತಿಗೆಗಳ ಉಣ್ಣೆ ನುಸಿಗೆ ಪ್ರಿಯ, ಆಗಾಗ ತೆರೆದು ನೋಡಿಸಿ. ಮಳೆ ಶುರುವಾದ ವಾರದಲ್ಲೇ ಅವಸರಪಟ್ಟು ಶ್ರುತಿ ಮಾಡಿಸಬೇಡಿ. ಮರ ಹವೆಗೆ ಒಗ್ಗಿದ ಮೇಲೆ, ವರ್ಷಕ್ಕೆ ಎರಡು ಬಾರಿ ಪಳಗಿದವರಿಂದಲೇ ಮಾಡಿಸಿ.