ನಿಮಗಿದು ಗೊತ್ತೇ? ಸಾಲ್ಮನ್ ಮೀನನ್ನು ಕೆಣಕುವ ಗರಿ

ಅಲಾಸ್ಕಾ, ಬ್ರಿಟಿಷ್ ಕೊಲಂಬಿಯಾ, ವಾಷಿಂಗ್ಟನ್ ರಾಜ್ಯದ ನದಿಗಳಲ್ಲಿ ಸಾಲ್ಮನ್‌ಗೆ ಗಾಳ ಹಾಕುವವರ ಪೆಟ್ಟಿಗೆಯಲ್ಲಿ ಮ್ಯಾರಬೂ ಫ್ಲೈ ಇದ್ದೇ ಇರುತ್ತದೆ. ಕೊಕ್ಕೆಗೆ ಮೆತ್ತನೆಯ ಪುಕ್ಕ ಸುತ್ತಿ ಕಟ್ಟಿದ ಈ ಹುಸಿ ಎರೆಯ ಗುಟ್ಟೆಲ್ಲ ಅದರ ಕುಣಿತದಲ್ಲಿದೆ.

● ನದಿಗೆ ಮರಳಿದ ಸಾಲ್ಮನ್ ಊಟ ಬಿಟ್ಟಿರುತ್ತದೆ. ಮೊಟ್ಟೆಯಿಡಲು ಕಡಲಿನಿಂದ ಸಿಹಿನೀರಿಗೆ ಬರುವಾಗ ಅದರ ಜಠರ, ಕರುಳು ಕುಗ್ಗುತ್ತವೆ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ದಾರಿಯ ಬುತ್ತಿ. ಆದರೂ ಅದು ಫ್ಲೈಗೆ ಬಾಯಿ ಹಾಕುತ್ತದೆ. ಸಿಟ್ಟು, ಕುತೂಹಲ, ಕಡಲಲ್ಲಿ ಬೇಟೆಯಾಡಿದ ಹಳೆಯ ಅಭ್ಯಾಸ ಇದಕ್ಕೆ ಕಾರಣವೆನ್ನುತ್ತಾರೆ. ಹಾಗಾಗಿ ಫ್ಲೈ ಯಾವ ಆಹಾರವನ್ನು ಹೋಲುತ್ತದೆ ಎನ್ನುವುದಕ್ಕಿಂತ ಮೀನಿನ ಮೂಗಿನೆದುರು ಹೇಗೆ ಆಡುತ್ತದೆ ಎನ್ನುವುದೇ ಮುಖ್ಯ.

● ಹಾರುವ ಗರಿಯ ಎಳೆಗಳು ಪುಟ್ಟ ಕೊಂಡಿಗಳಿಂದ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮ್ಯಾರಬೂ ಪುಕ್ಕದಲ್ಲಿ ಆ ಬಿಗಿ ಹೆಣಿಗೆ ಇಲ್ಲ. ಎಳೆಗಳೆಲ್ಲ ಬಿಡಿಬಿಡಿ. ಹರಿವು ಎಷ್ಟೇ ನಿಧಾನವಾಗಿದ್ದರೂ ಅವು ಅಲುಗಾಡುತ್ತಲೇ ಇರುತ್ತವೆ.

● ಹೆಸರು ಆಫ್ರಿಕಾದ ಮ್ಯಾರಬೂ ಕೊಕ್ಕರೆಯದು, ಗರಿ ಮಾತ್ರ ಟರ್ಕಿ ಕೋಳಿಯದು! ಇಂದು ಫ್ಲೈ ಕಟ್ಟಲು ಬಳಸುವುದು ಸಾಕಿದ ಬಿಳಿ ಟರ್ಕಿ ಕೋಳಿಯ ಪುಕ್ಕ. ಬಿಳಿಯಾದ್ದರಿಂದ ಯಾವ ಬಣ್ಣವೂ ಚೆನ್ನಾಗಿ ಹಿಡಿಯುತ್ತದೆ. ಮಾಂಸಕ್ಕಾಗಿ ಸಾಕಿದ ಹಕ್ಕಿಯ ಪುಕ್ಕವಾದ್ದರಿಂದ ಬೆಲೆಯೂ ಕಡಿಮೆ.

● ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಹೆಂಗಸರ ಟೋಪಿ, ಉಡುಪುಗಳಿಗೆ ಸೇರುತ್ತಿದ್ದ ‘ಮ್ಯಾರಬೂ’ ಗರಿಗಳಲ್ಲಿ ನಮ್ಮ ಉಪಖಂಡದ ಪಾಲೂ ಇತ್ತು. ಹರ್ಗಿಲಾ ಎಂಬ ದೈತ್ಯ ಕೊಕ್ಕರೆಯ ಬಾಲದಡಿಯ ಪುಕ್ಕಗಳು ಬಂಗಾಳದ ಕುಮಾರಖಾಲಿಯ ಹೆಸರು ಹೊತ್ತು ಹಡಗೇರುತ್ತಿದ್ದವು. ಆ ಊರು ಈಗ ಬಾಂಗ್ಲಾದೇಶದಲ್ಲಿದೆ.

● ಅದೇ ಹರ್ಗಿಲಾ ಇಂದು ಅಸ್ಸಾಮಿನ ಹಳ್ಳಿಗಳಲ್ಲಿ ಹೆಂಗಸರ ಆರೈಕೆಯಲ್ಲಿದೆ. ‘ಹರ್ಗಿಲಾ ಆರ್ಮಿ’ ಕಟ್ಟಿದ ಪೂರ್ಣಿಮಾ ದೇವಿ ಬರ್ಮನ್ ಅವರಿಗೆ 2022ರಲ್ಲಿ ವಿಶ್ವಸಂಸ್ಥೆಯ ‘ಚಾಂಪಿಯನ್ಸ್ ಆಫ್ ದಿ ಅರ್ಥ್’ ಗೌರವ ಸಂದಿತು.

● ಸಾಲ್ಮನ್ ಫ್ಲೈಗೂ ಪಶ್ಚಿಮ ಘಟ್ಟಕ್ಕೂ ಹಳೆಯ ನಂಟಿದೆ. ವಿಕ್ಟೋರಿಯಾ ಕಾಲದ ಬ್ರಿಟಿಷ್ ಫ್ಲೈಗಳಲ್ಲಿ ಕಣ್ಣಿನಂತೆ ಹೊಳೆಯುವ ಗರಿ ನಮ್ಮ ಬೂದು ಕಾಡುಕೋಳಿ ಹುಂಜದ ಕತ್ತಿನದು. 1902ರಲ್ಲೇ ಭಾರತದಿಂದ ಹಕ್ಕಿಗರಿಗಳ ರಫ್ತಿಗೆ ತಡೆ ಬಿತ್ತು. ಇಂದು ಈ ಹಕ್ಕಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಕಾಡಿನ ಹಕ್ಕಿಯನ್ನು ಕೊಲ್ಲದೆಯೂ ಒಳ್ಳೆಯ ಫ್ಲೈ ಕಟ್ಟಬಹುದು ಎನ್ನುವುದಕ್ಕೆ ಟರ್ಕಿ ಕೋಳಿಯ ಪುಕ್ಕವೇ ಸಾಕ್ಷಿ.

● ಮ್ಯಾರಬೂ ಬಾಲದ ಅತ್ಯಂತ ಜನಪ್ರಿಯ ಫ್ಲೈ ‘ವೂಲಿ ಬಗರ್’. ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ 1967ರಲ್ಲಿ ಇದನ್ನು ಕಟ್ಟಿದ್ದು ಬ್ಯಾಸ್ ಮೀನಿಗಾಗಿ. ಇದರ ತಲೆಗೆ ಗುಲಾಬಿ ಉಂಡೆಯೊಂದನ್ನು ಸೇರಿಸಿದರೆ ಅಲಾಸ್ಕಾದ ಮೆಚ್ಚಿನ ‘ಎಗ್ ಸಕಿಂಗ್ ಲೀಚ್’, ಅಂದರೆ ಮೀನಿನ ಮೊಟ್ಟೆ ಕಚ್ಚಿದ ಜಿಗಣೆ!

● ಸಾಲ್ಮನ್‌ಗೆಂದೇ ಬಂದ ಮ್ಯಾರಬೂ ಫ್ಲೈಗಳಲ್ಲಿ ಹೆಸರಾದದ್ದು ಜಾರ್ಜ್ ಕುಕ್ ಅವರ ‘ಅಲಾಸ್ಕಬೂ’ ಸರಣಿ. ಇದರಲ್ಲಿ ಪುಕ್ಕ ಬರೀ ಬಾಲವಲ್ಲ. ಕೊಕ್ಕೆಯ ಸುತ್ತ ಬಣ್ಣದ ಮೇಲೆ ಬಣ್ಣ ಸುತ್ತುತ್ತಾರೆ. ಸರಣಿಯ ‘ಪಾಪ್ಸಿಕಲ್’, ‘ಶೋಗರ್ಲ್’ ಇಂದಿಗೂ ಬೇಡಿಕೆಯಲ್ಲಿವೆ.

● ಫ್ಲೈ ಕೊಳ್ಳುವ ಮುನ್ನ ಸಾಧ್ಯವಾದರೆ ನೀರಿನಲ್ಲಿ ಅದ್ದಿ ನೋಡಿ. ಒಣಗಿದ್ದಾಗ ಉಬ್ಬಿ ಕಾಣುವ ಮ್ಯಾರಬೂ ಒದ್ದೆಯಾದರೆ ಸಣ್ಣಗಾಗುತ್ತದೆ. ಮೀನಿಗೆ ಕಾಣುವುದು ಆ ಒದ್ದೆ ರೂಪವೇ. ಪುಕ್ಕ ಹೆಚ್ಚಾದರೆ ಮುದ್ದೆಯಾಗಿ ಕುಣಿತ ಸಾಯುತ್ತದೆ, ಆದ್ದರಿಂದ ವಿರಳವಾಗಿ ಕಟ್ಟಿದ್ದನ್ನೇ ಆರಿಸಿ.

● ಹರಿವಿನ ಒತ್ತಡಕ್ಕೆ ಪುಕ್ಕ ಪೂರ್ತಿ ಕೊಕ್ಕೆಗೆ ಅಂಟಿಕೊಳ್ಳದಿರಲು ಕಟ್ಟುವವರು ಅದರ ಹಿಂದೆ ಉಣ್ಣೆಯಂಥ ನಾರಿನ ಪುಟ್ಟ ಉಂಡೆ ಇಡುತ್ತಾರೆ. ಆ ಆಸರೆಯಿಂದ ಎಳೆಗಳು ಹರಡಿ ನಿಲ್ಲುತ್ತವೆ.

● ಬಾಲ ಉದ್ದವಿದ್ದಷ್ಟೂ ಒಳ್ಳೆಯದೆನ್ನುವುದು ತಪ್ಪು. ತೀರಾ ಉದ್ದವಾದರೆ ಎಸೆಯುವಾಗ ಕೊಕ್ಕೆಯ ಬಾಗಿಗೆ ಸುತ್ತಿಕೊಳ್ಳುತ್ತದೆ, ಮೀನು ತುದಿಯನ್ನಷ್ಟೇ ಕಚ್ಚಿ ಬಿಡುತ್ತದೆ. ವೂಲಿ ಬಗರ್‌ಗೆ ಕೊಕ್ಕೆಯ ಕಡ್ಡಿಯಷ್ಟೇ ಉದ್ದದ ಬಾಲ ಸಾಕು.

● ಕೊಕ್ಕೆಯ ಸಂಖ್ಯೆ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು! 6ಕ್ಕಿಂತ 2 ದೊಡ್ಡದು. 1 ದಾಟಿದರೆ 1/0, 2/0 ಎಂದು ಸಂಖ್ಯೆಯ ಜೊತೆಗೆ ಕೊಕ್ಕೆಯೂ ಬೆಳೆಯುತ್ತದೆ.

● ನೀರಿಗಿಳಿದ ಬೆಳಕಿನಲ್ಲಿ ಮೊದಲು ಮಾಯವಾಗುವುದು ಕೆಂಪು. ಆಳದಲ್ಲಿ ಕೆಂಪು ಫ್ಲೈ ಮಂಕಾಗಿ ಕಪ್ಪಿನಂತೆ ಕಾಣುತ್ತದೆ. ಹೊಳೆವ ಫ್ಲೋರೊಸೆಂಟ್ ಬಣ್ಣಗಳು ಅಲ್ಲೂ ಎದ್ದು ಕಾಣುತ್ತವೆ. ಕದಡಿದ ನೀರಿಗೆ ದೊಡ್ಡ ಕಪ್ಪು ಅಥವಾ ನೇರಳೆ ಫ್ಲೈ, ತಿಳಿನೀರಿಗೆ ಚಿಕ್ಕ, ಸೌಮ್ಯ ಬಣ್ಣದ ಫ್ಲೈ ಎನ್ನುವುದು ರೂಢಿಯ ಲೆಕ್ಕ.

● ಸಾಕೈ ಸಾಲ್ಮನ್ ಮೊಟ್ಟೆಯಿಡುವ ಪಯಣದಲ್ಲಿ ತನ್ನ ಕಣ್ಣಿನ ವರ್ಣಕವನ್ನೇ ಬದಲಿಸಿಕೊಳ್ಳುತ್ತದೆ. ಹೊಸ ವರ್ಣಕ ಕೆಂಪಿನತ್ತಣ ಬೆಳಕನ್ನು ಹೆಚ್ಚು ಹೀರುತ್ತದೆ.

● ಉತ್ತರ ಅಮೆರಿಕದ ಐದು ಪೆಸಿಫಿಕ್ ಸಾಲ್ಮನ್‌ಗಳ ಸ್ವಭಾವ ಬೇರೆಬೇರೆ. ಚಿನೂಕ್ ಆಳದಲ್ಲಿರುತ್ತದೆ, ಅದಕ್ಕೆ ದೊಡ್ಡ ಫ್ಲೈ, ಮುಳುಗುವ ದಾರ ಬೇಕು. ನಿಧಾನ ನೀರಿನ ಮಡುಗಳಲ್ಲಿ ನಿಲ್ಲುವ ಕೋಹೊ, ದಾರವನ್ನು ಚುರುಕಾಗಿ ತುಸುತುಸುವೇ ಎಳೆದರೆ ಬೆನ್ನಟ್ಟುತ್ತದೆ. ಚಮ್ ಮತ್ತು ಪಿಂಕ್ ಸಾಲ್ಮನ್‌ಗೆ ಗುಲಾಬಿ ಬಣ್ಣ ಹೆಸರಾದದ್ದು. ಕಡಲಲ್ಲಿ ತೇಲುವ ಪುಟ್ಟ ಜೀವಿಗಳನ್ನು ತಿಂದು ಬೆಳೆದ ಸಾಕೈ ದೊಡ್ಡ ಫ್ಲೈ ಬೆನ್ನಟ್ಟುವುದು ಅಪರೂಪ. ಅದಕ್ಕೆ ಚಿಕ್ಕದು, ವಿರಳವಾದದ್ದು ಸರಿ.

● ಮ್ಯಾರಬೂಗೆ ಒಪ್ಪುವ ಹಳೆಯ ವಿಧಾನ ‘ಸ್ವಿಂಗ್’. ಹೊಳೆಗೆ ಅಡ್ಡಲಾಗಿ, ತುಸು ಕೆಳಹರಿವಿನತ್ತ ಎಸೆದು, ದಾರ ಬಿಗಿಯಾದ ಮೇಲೆ ಫ್ಲೈ ಕಮಾನಿನ ದಾರಿಯಲ್ಲಿ ನಿಮ್ಮ ದಡದತ್ತ ತೇಲಿ ಬರಲು ಬಿಡುವುದು. ಕೊನೆಗೆ ದಾರ ನೇರವಾದಾಗ ಅವಸರದಿಂದ ಎತ್ತಬೇಡಿ. ಹಿಂಬಾಲಿಸಿ ಬಂದ ಮೀನು ಬಾಯಿ ಹಾಕುವುದು ಎಷ್ಟೋ ಸಲ ಆಗಲೇ.

● ಸ್ವಿಂಗ್‌ನಲ್ಲಿ ಮೀನು ಕಚ್ಚಿದ ಕೂಡಲೇ ಕೋಲು ಜಗ್ಗಿದರೆ ಫ್ಲೈ ಬಾಯಿಂದ ಕಳಚುತ್ತದೆ. ಮೀನು ತಾನೇ ತಿರುಗಿ ದಾರ ಬಿಗಿಯಾಗುವವರೆಗೆ ಕಾದರೆ ಕೊಕ್ಕೆ ಬಾಯಿಯ ಮೂಲೆಯಲ್ಲಿ ಕೂರುತ್ತದೆ.

● ಗಂಟೂ ಲೆಕ್ಕಕ್ಕೆ ಬರುತ್ತದೆ. ಕೊಕ್ಕೆಯ ಕಣ್ಣಿಗೆ ಬಿಗಿಯಾಗಿ ಕಟ್ಟುವ ಬದಲು ಸಡಿಲವಾದ ಕುಣಿಕೆ ಹಾಕಿದರೆ ಫ್ಲೈ ಇನ್ನಷ್ಟು ಸಲೀಸಾಗಿ ಆಡುತ್ತದೆ.

● ಹಲವು ನದಿಗಳಲ್ಲಿ ಮುಳ್ಳಿಲ್ಲದ ಒಂಟಿ ಕೊಕ್ಕೆ ಕಡ್ಡಾಯ. ಅದನ್ನು ಬಿಡಿಸುವುದು ಸುಲಭ, ಮೀನಿಗೆ ಗಾಯವೂ ಕಡಿಮೆ. ಮರಳಿ ಬಿಡುವ ಮೀನನ್ನು ನೀರಿನಿಂದ ಎತ್ತದೆ, ಒದ್ದೆ ಕೈಯಲ್ಲೇ ಹಿಡಿಯಬೇಕು.

● ಈ ಐದೂ ಜಾತಿಯ ಸಾಲ್ಮನ್ ಬದುಕಿನಲ್ಲಿ ಒಮ್ಮೆ ಮಾತ್ರ ಮೊಟ್ಟೆಯಿಟ್ಟು ಸಾಯುತ್ತವೆ. ಕೊಳೆಯುವ ಅವುಗಳ ದೇಹದಿಂದ ಕಡಲಿನ ಸಾರಜನಕ ದಡದ ಮರಗಳಿಗೂ ಸೇರುತ್ತದೆ. ಮೊಟ್ಟೆಯಿಡುವುದು ಒಂದೇ ಸಲವಾದ್ದರಿಂದ ಹೊಳೆಯ ತಳದಲ್ಲಿ ಹೊಸದಾಗಿ ಕೆದಕಿದ, ತಿಳಿಬಣ್ಣದ ಜಲ್ಲಿ ಕಂಡರೆ ಅಲ್ಲಿ ಗಾಳ ಹಾಕಬೇಡಿ, ಕಾಲೂ ಇಡಬೇಡಿ. ಅದು ಮೊಟ್ಟೆಯ ಗೂಡು.