ನ್ಯಾಯವನ್ನರಸುವ ಪತ್ತೇದಾರಿಣಿ

1856ನೆಯ ಇಸವಿಯಲ್ಲಿ ಒಂದು ದಿನ ಅಮೆರಿಕದ ಷಿಕಾಗೋ ನಗರದಲ್ಲಿ ಅಲನ್ ಪಿಂಕರ್‌ಟನ್ ಎಂಬಾತನ ಕಚೇರಿಗೆ ತರುಣ ವಿಧವೆಯೊಬ್ಬಳು ಬಂದಳು. ಖಾಸಗಿ ಪತ್ತೇದಾರಿಕೆಯನ್ನು ಒಂದು ವ್ಯವಹಾರವನ್ನಾಗಿ ಬೆಳೆಸುತ್ತಿದ್ದ ಪಿಂಕರ್‌ಟನ್, ಈಕೆ ಗುಮಾಸ್ತೆಯ ಕೆಲಸ ಕೇಳಿಕೊಂಡು ಬಂದಿರಬೇಕೆಂದೇ ಭಾವಿಸಿದ. ಆದರೆ ಕೇಟ್ ವಾರ್ನ್ ಎಂಬ ಆ ಹೆಂಗಸು ಬಂದದ್ದು ಪತ್ತೇದಾರರ ಹುದ್ದೆಗೆ! ಗಂಡಸರಿಗೆ ಪ್ರವೇಶವಿಲ್ಲದ ಎಡೆಗೆ ಹೆಂಗಸು ಹೋಗಬಲ್ಲಳು. ಅಪರಾಧಿಗಳ ಮಡದಿಯರ ಗೆಳೆತನ ಸಂಪಾದಿಸಿ ಒಳಗುಟ್ಟನ್ನು ತಿಳಿದು ಬರಬಲ್ಲಳು ಎಂಬುದು ಆಕೆಯ ವಾದ. ಪಿಂಕರ್‌ಟನ್ ಒಪ್ಪಿದ. ಐದು ವರ್ಷಗಳ ತರುವಾಯ, 1861ರ ಫೆಬ್ರವರಿಯಲ್ಲಿ, ಅಧ್ಯಕ್ಷ ಪದವಿಯನ್ನು ವಹಿಸಿಕೊಳ್ಳಲು ಹೊರಟಿದ್ದ ಅಬ್ರಹಾಂ ಲಿಂಕನ್ನರನ್ನು ಬಾಲ್ಟಿಮೋರಿನಲ್ಲಿ ಕೊಲ್ಲಲು ಸಂಚು ನಡೆದಿದೆಯೆಂಬ ಸುಳಿವು ದೊರೆತಾಗ, ರಾತ್ರಿಯ ರೈಲಿನಲ್ಲಿ ಅವರನ್ನು ತನ್ನ ರೋಗಿಷ್ಠ ಸಹೋದರನೆಂದು ಹೇಳಿ ಗುಟ್ಟಾಗಿ ಸಾಗಿಸಿದವರಲ್ಲಿ ಈ ಕೇಟ್ ವಾರ್ನಳೂ ಒಬ್ಬಳು. 1868ರಲ್ಲಿ ಆಕೆ ತೀರಿಕೊಂಡಳು. ಷಿಕಾಗೋದ ಗ್ರೇಸ್‌ಲ್ಯಾಂಡ್ ಸ್ಮಶಾನದಲ್ಲಿ ಪಿಂಕರ್‌ಟನ್ ಮನೆತನದ ಸ್ಥಳದಲ್ಲೇ ಆಕೆಯ ಸಮಾಧಿಯಿದೆ.

ಇದು ಚರಿತ್ರೆ. ಕೇಟ್ ವಾರ್ನಳು ಪಿಂಕರ್‌ಟನ್ನನ ಬಾಗಿಲು ತಟ್ಟಿ 126 ವರ್ಷಗಳಾದ ಮೇಲೆ, ಅದೇ ಊರಿನಲ್ಲಿ, ಇನ್ನೊಬ್ಬ ಪತ್ತೇದಾರಿಣಿ ಜನ್ಮ ತಾಳಿದಳು. ಈಕೆ ಕೇವಲ ಕಲ್ಪನೆಯ ಕೂಸು. ಆದರೂ ಲಕ್ಷಾಂತರ ವಾಚಕರಿಗೆ ಕೇಟ್ ವಾರ್ನಳಿಗಿಂತ ಈಕೆಯೇ ಹೆಚ್ಚು ನಿಜ. ಆಕೆಯ ಹೆಸರು ವಿ. ಐ. ವಾರ್ಷಾವ್‌ಸ್ಕಿ, ಸೃಷ್ಟಿಸಿದ ಲೇಖಕಿ ಶ್ರೀಮತಿ ಸಾರಾ ಪ್ಯಾರೆಟ್‌ಸ್ಕಿ.

ಲೇಖಕಿಯ ಕಥೆಯೂ ಸ್ವಾರಸ್ಯವಾದುದೇ. 1947ರಲ್ಲಿ ಅಯೋವಾ ಸಂಸ್ಥಾನದ ಏಮ್ಸ್‌ನಲ್ಲಿ ಹುಟ್ಟಿ, ಕ್ಯಾನ್ಸಾಸ್ ಸಂಸ್ಥಾನದಲ್ಲಿ ಬೆಳೆದ ಸಾರಾ 1966ರ ಬೇಸಗೆಯಲ್ಲಿ ಸಮಾಜಸೇವೆಗೆಂದು ಷಿಕಾಗೋಗೆ ಬಂದರು. ವಯಸ್ಸು ಹತ್ತೊಂಬತ್ತು. ಅದೇ ಬೇಸಗೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು, ನೀಗ್ರೋ ಜನರಿಗೂ ಬೇಕಾದ ಬಡಾವಣೆಯಲ್ಲಿ ಮನೆ ಕೊಳ್ಳುವ ಹಕ್ಕು ಇರಬೇಕೆಂದು—ಆಗಿನ ಮಾತಿನಲ್ಲಿ ನೀಗ್ರೋ, ಇಂದು ಕರಿಯ ಅಮೆರಿಕನರು ಎನ್ನುವುದು ರೂಢಿ—ಷಿಕಾಗೋದಲ್ಲಿ ಚಳುವಳಿ ಹೂಡಿದ್ದರು. ಆಗಸ್ಟ್ 5ರಂದು ಮಾರ್ಕೆಟ್ ಪಾರ್ಕಿನ ಬಳಿ ಬಿಳಿಯರ ಗುಂಪು ಎಸೆದ ಕಲ್ಲು ಕಿಂಗ್ ಅವರ ತಲೆಗೆ ಬಡಿಯಿತು. ಕ್ಯಾನ್ಸಾಸಿನಿಂದ ಬಂದ ಹುಡುಗಿಯ ಮನಸ್ಸಿನಲ್ಲಿ ಆ ಬೇಸಗೆ ಆಳವಾಗಿ ಊರಿತು. 43 ವರ್ಷಗಳ ಬಳಿಕ, 2009ರಲ್ಲಿ, ‘ಹಾರ್ಡ್‌ಬಾಲ್’ ಎಂಬ ಕಾದಂಬರಿಯಲ್ಲಿ ಅವರು ಆ ದಿನಗಳಿಗೇ ಹಿಂತಿರುಗಿದರು.

ಷಿಕಾಗೋ ವಿಶ್ವವಿದ್ಯಾನಿಲಯದಿಂದ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದರೂ ಸಾರಾ ಅವರು ಹೊಟ್ಟೆಪಾಡಿಗೆ ಸೇರಿದ್ದು ವಿಮಾ ಕಂಪೆನಿಯೊಂದನ್ನು. ಸಭೆಗಳಲ್ಲಿ ಮೇಲಧಿಕಾರಿಯ ಮಾತಿಗೆ ಬಾಯಲ್ಲಿ ‘ಹೌದು, ಹೌದು’ ಎನ್ನುತ್ತ, ಮನಸ್ಸಿನಲ್ಲಿ ಬೇರೆಯೇ ಉತ್ತರ ಕೊಡುತ್ತಿದ್ದರಂತೆ. ಮನಸ್ಸಿನಲ್ಲಿದ್ದುದನ್ನು ಬಾಯಿ ಬಿಟ್ಟು ಹೇಳಿಬಿಡುವ ಹೆಂಗಸೊಬ್ಬಳು ಇದ್ದರೆ ಹೇಗಿರಬಹುದು? ಕಚೇರಿಯಲ್ಲಿ ದುಡಿಯುವ ನಮ್ಮ ಓದುಗ ಸೋದರಿಯರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ!

ಅಮೆರಿಕದಲ್ಲಿ ಪತ್ತೇದಾರಿ ಸಾಹಿತ್ಯಕ್ಕೆ ಗಟ್ಟಿಯಾದ ಪರಂಪರೆಯಿತ್ತು. ಡ್ಯಾಷಿಯಲ್ ಹ್ಯಾಮೆಟ್‌ನ ‘ದಿ ಮಾಲ್ಟೀಸ್ ಫಾಲ್ಕನ್’ 1930ರಲ್ಲಿ, ರೇಮಂಡ್ ಚಾಂಡ್ಲರನ ‘ದಿ ಬಿಗ್ ಸ್ಲೀಪ್’ 1939ರಲ್ಲಿ ಬಂದಿದ್ದವು. ಒಂಟಿ ಪತ್ತೇದಾರ, ಮಳೆಯ ರಾತ್ರಿ, ಮದ್ಯದ ಬಟ್ಟಲು, ಚೂಪಾದ ಮಾತು—ಎಲ್ಲವೂ ಸೊಗಸೇ. ಆದರೆ ಆ ಲೋಕದಲ್ಲಿ ಹೆಣ್ಣಿಗಿದ್ದ ಪಾತ್ರಗಳು ಎರಡೋ ಮೂರೋ: ಗಂಡಸನ್ನು ಮರುಳುಮಾಡಿ ಹಾಳುಗೆಡಹುವ ಮೋಹಿನಿ, ಅಸಹಾಯಕ ಅಬಲೆ, ಇಲ್ಲವೆ ಮೊದಲ ಪುಟದಲ್ಲೇ ಬಿದ್ದಿರುವ ಶವ. ಓದುತ್ತ ಓದುತ್ತ ಸಾರಾ ಅವರಿಗೆ ಇದು ಬೇಸರ ಹುಟ್ಟಿಸಿತು. 1979ರ ಹೊಸ ವರ್ಷದ ದಿನ, ಈ ವರ್ಷ ಕಾದಂಬರಿ ಬರೆದೇ ತೀರುವುದೆಂದು ನಿಶ್ಚಯಿಸಿದರು. ಸ್ಟೂವರ್ಟ್ ಕಮಿನ್‌ಸ್ಕಿ ಎಂಬ ಪತ್ತೇದಾರಿ ಕಾದಂಬರಿಕಾರರು ವಿಶ್ವವಿದ್ಯಾನಿಲಯವೊಂದರಲ್ಲಿ ನಡೆಸುತ್ತಿದ್ದ ತರಗತಿಗೆ ಸೇರಿ, ಹಗಲು ಕಚೇರಿ, ರಾತ್ರಿ ಬರಹ ಎಂದು ದುಡಿದರು. 1982ರಲ್ಲಿ ‘ಇಂಡೆಮ್ನಿಟಿ ಓನ್ಲಿ’ ಪ್ರಕಟವಾಯಿತು.

ಆ ಕಾದಂಬರಿಯ ನಾಯಕಿ ವಿಕ್ಟೋರಿಯಾ ಇಫಿಜೀನಿಯಾ ವಾರ್ಷಾವ್‌ಸ್ಕಿ. ವೃತ್ತಿಯಲ್ಲಿ ಬರೇ ವಿ. ಐ. ಎಂದೇ ಸಹಿ ಮಾಡುತ್ತಾಳೆ. ಹೆಣ್ಣಿನ ಹೆಸರು ಕಂಡೊಡನೆ ಗಂಡಸರ ದನಿಯಲ್ಲಿ ಮೂಡುವ ಲಘುತ್ವ ಆಕೆಗೆ ಸರಿಬೀಳದು. ತಂದೆ ಟೋನಿ ಪೋಲಿಷ್ ಮೂಲದ ಪೋಲೀಸಿನವನು. ತಾಯಿ ಗೇಬ್ರಿಯೆಲಾ ಫ್ಯಾಸಿಸ್ಟರ ಇಟಲಿಯಿಂದ ತಪ್ಪಿಸಿಕೊಂಡು ಬಂದವಳು. ದೊಡ್ಡ ಸಂಗೀತಗಾರ್ತಿಯಾಗಬೇಕಿದ್ದವಳು ದಕ್ಷಿಣ ಷಿಕಾಗೋದ ಉಕ್ಕಿನ ಕಾರ್ಖಾನೆಗಳ ಹೊಗೆಯ ನೆರಳಿನಲ್ಲಿ ಸಂಸಾರ ಹೂಡಿ, ಮಗಳು ಇನ್ನೂ ಹದಿಹರೆಯದಲ್ಲಿರುವಾಗಲೇ ಕ್ಯಾನ್ಸರಿನಿಂದ ತೀರಿಕೊಂಡಳು. ಮಗಳು ಕಾನೂನು ಓದಿ, ವಕೀಲರನ್ನಿಡಲು ಶಕ್ತಿಯಿಲ್ಲದ ಬಡ ಆರೋಪಿಗಳ ಪರವಾಗಿ ಸರ್ಕಾರದ ಸಂಬಳದಲ್ಲಿ ವಾದಿಸುವ ಕೆಲಸ ಹಿಡಿದಳು. ಆ ಕೆಲಸದಲ್ಲಿ ನ್ಯಾಯಕ್ಕಿಂತ ಇತ್ಯರ್ಥವೇ ಮುಖ್ಯವಾಗಿರುವುದನ್ನು ಕಂಡು ರೋಸಿಹೋಗಿ, ಮದುವೆಯೂ ಮುರಿದುಬಿದ್ದ ಮೇಲೆ, ಸ್ವಂತ ಪತ್ತೇದಾರಿ ಕಚೇರಿ ತೆರೆದಳು. ಚಾಂಡ್ಲರನ ಮಾರ್ಲೋವಿನ ದರ ದಿನಕ್ಕೆ 25 ಡಾಲರು ಮತ್ತು ಖರ್ಚು. ಮೊದಲ ಕಾದಂಬರಿಯಲ್ಲಿ ಈಕೆಯ ದರ 125 ಡಾಲರು ಮತ್ತು ಖರ್ಚು. ಆದರೂ ಬಾಡಿಗೆಗೆ ಪರದಾಟ ತಪ್ಪಿಲ್ಲ. ಏಕೆಂದರೆ ಹಣ ಕೊಡುವ ಕಕ್ಷಿಗಾರನ ಕೆಲಸಕ್ಕಿಂತ, ಹಣವಿಲ್ಲದವರ ಕೆಲಸವೇ ಈಕೆಯ ಕೊರಳಿಗೆ ಬೀಳುವುದು ಹೆಚ್ಚು.

ಸಾರಾ ಅವರ ವಿಮಾ ಕಂಪೆನಿಯ ಅನುಭವ ವ್ಯರ್ಥವಾಗಲಿಲ್ಲ. ಮೊದಲ ಕಾದಂಬರಿಯಲ್ಲಿ ಕಕ್ಷಿಗಾರನೊಬ್ಬ ಸುಳ್ಳು ಹೆಸರು ಹೇಳಿ, ಕಾಣೆಯಾದ ಹುಡುಗಿಯನ್ನು ಹುಡುಕಿಕೊಡು ಎನ್ನುತ್ತಾನೆ. ವಿ. ಐ. ಹುಡುಕಿಕೊಂಡು ಹೋದಾಗ ಸಿಗುವುದು ತರುಣನೊಬ್ಬನ ಹೆಣ. ಅಲ್ಲಿಂದ ದಾರಿ ಹೋಗುವುದು ಗಾಯಗೊಂಡ ಕಾರ್ಮಿಕರ ಪರಿಹಾರದ ಹೆಸರಿನಲ್ಲಿ ನಡೆಯುವ ಮೋಸಕ್ಕೆ. ಕೊಲೆಗಾರನ ಸುಳಿವು ರಕ್ತದ ಕಲೆಯಲ್ಲಿಲ್ಲ, ಲೆಕ್ಕದ ಕಾಗದದಲ್ಲಿದೆ! ಮುಂದಿನ ಕಾದಂಬರಿಗಳಲ್ಲಿಯೂ ಹೀಗೆಯೇ. ‘ಡೆಡ್‌ಲಾಕ್’ನಲ್ಲಿ (1984) ಮಹಾಸರೋವರಗಳ ಧಾನ್ಯದ ಹಡಗುಗಳು, ‘ಕಿಲ್ಲಿಂಗ್ ಆರ್ಡರ್ಸ್’ನಲ್ಲಿ (1985) ಕ್ರೈಸ್ತ ಮಠವೊಂದರ ತಿಜೋರಿಯಲ್ಲಿ ಸಿಕ್ಕ ಖೋಟಾ ಷೇರುಪತ್ರಗಳು, ‘ಬಿಟರ್ ಮೆಡಿಸಿನ್’ನಲ್ಲಿ (1987) ಲಾಭಕ್ಕಾಗಿ ನಡೆಯುವ ಆಸ್ಪತ್ರೆ, ‘ಹಾರ್ಡ್ ಟೈಮ್’ನಲ್ಲಿ (1999) ಖಾಸಗಿ ಕಂಪೆನಿ ನಡೆಸುವ ಹೆಂಗಸರ ಸೆರೆಮನೆ. ಈ ಕೊನೆಯದರಲ್ಲಿ ನಾಯಕಿಯೇ ಒಳಗೆ ಸಿಕ್ಕಿಕೊಳ್ಳುತ್ತಾಳೆ. ಅಲ್ಲಿಯ ಕೆಲವು ಪುಟಗಳನ್ನು ರಾತ್ರಿ ಮಲಗುವ ಮುನ್ನ ಓದದಿರುವುದು ಲೇಸು.

ನನ್ನ ಮಟ್ಟಿಗೆ ಇವೆಲ್ಲಕ್ಕೂ ಮಿಗಿಲಾದುದು 1988ರ ‘ಬ್ಲಡ್ ಶಾಟ್’. ಇಂಗ್ಲೆಂಡಿನಲ್ಲಿ ಇದಕ್ಕೆ ‘ಟಾಕ್ಸಿಕ್ ಶಾಕ್’ ಎಂಬ ಹೆಸರು. ಅಲ್ಲಿಯ ಅಪರಾಧ ಕಥೆಗಾರರ ಸಂಘದ ರಜತ ಪ್ರಶಸ್ತಿಯೂ ಬಂದಿತು. ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದ ಹಳೆಯ ಗೆಳತಿಯರ ಕೂಟಕ್ಕೆಂದು ವಿ. ಐ. ತಾನು ಬೆಳೆದ ದಕ್ಷಿಣ ಷಿಕಾಗೋಗೆ ಹೋಗುತ್ತಾಳೆ. ಬಾಲ್ಯದಲ್ಲಿ ಪಕ್ಕದ ಮನೆಯಲ್ಲಿದ್ದ, ತಂಗಿಯಂತೆ ಬೆನ್ನಹಿಂದೆ ಸುತ್ತುತ್ತಿದ್ದ ಕ್ಯಾರೊಲಿನ್ ಒಂದು ಬೇಡಿಕೆ ಇಡುತ್ತಾಳೆ: ಮದುವೆಯಿಲ್ಲದೆ ತನ್ನನ್ನು ಹೆತ್ತ ತಾಯಿ ಲೂಯಿಸಾ ಸಾಯುತ್ತಿದ್ದಾಳೆ, ತನ್ನ ತಂದೆ ಯಾರೆಂದು ಪತ್ತೆಹಚ್ಚಿ ಕೊಡಬೇಕು. ತಾಯಿಯಾದರೋ ಬಾಯಿಬಿಡಳು. ಲೂಯಿಸಾಳ ಮೂತ್ರಪಿಂಡಗಳು ನಾಶವಾಗಿವೆ. ವಯಸ್ಸು ಹೆಚ್ಚಲ್ಲ. ಆಕೆ ಹಿಂದೆ ದುಡಿಯುತ್ತಿದ್ದುದು ರಾಸಾಯನಿಕ ಕಾರ್ಖಾನೆಯೊಂದರಲ್ಲಿ.

ತಂದೆಯನ್ನು ಹುಡುಕುತ್ತ ಹೋದಂತೆ ವಿ. ಐ.ಗೆ ಎದುರಾಗುವುದು ಕಾರ್ಖಾನೆಯ ವೈದ್ಯನೊಬ್ಬನ ಹಳೆಯ ದಾಖಲೆಗಳು. ಕಾರ್ಮಿಕರ ರಕ್ತವನ್ನು ಕಂಪೆನಿ ವರ್ಷವರ್ಷವೂ ಪರೀಕ್ಷಿಸುತ್ತಿತ್ತು. ಫಲಿತಾಂಶ ಕಂಪೆನಿಗೆ ಗೊತ್ತಿತ್ತು. ರಕ್ತ ಕೊಟ್ಟವರಿಗೆ ಮಾತ್ರ ಯಾರೂ ಹೇಳಲಿಲ್ಲ. ಯಾವ ಖಳನೂ ಗುಂಡು ಹಾರಿಸದೆ, ವಿಷವನ್ನು ಯಾರ ಬಟ್ಟಲಿಗೂ ಗುಟ್ಟಾಗಿ ಹಾಕದೆ, ಒಂದು ಕಡತವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದರಿಂದಲೇ ಕೊಲೆ ನಡೆದುಹೋಗುತ್ತದೆ. ಇಂಥ ಕೊಲೆಯನ್ನು ಪತ್ತೇದಾರಿ ಕಾದಂಬರಿಯಲ್ಲಿ ತೋರಿಸಬಹುದೆಂದು ಅದಕ್ಕೆ ಮೊದಲು ಎಷ್ಟು ಜನರಿಗೆ ಹೊಳೆದಿತ್ತೋ! ಗುಂಡು, ಹೊಡೆದಾಟ ಬರುವುದಿಲ್ಲವೆಂದಲ್ಲ. ಗೆಳತಿಯೊಬ್ಬಳ ಶವ ಡೆಡ್ ಸ್ಟಿಕ್ ಪಾಂಡ್ ಎಂಬ ಜೌಗಿನಲ್ಲಿ ದೊರೆಯುತ್ತದೆ, ಆಮೇಲೆ ವಿ. ಐ.ಯನ್ನೂ ಅಲ್ಲಿಗೇ ಹೊತ್ತೊಯ್ದು ಸಾಯಲು ಬಿಡುತ್ತಾರೆ. ಆ ಕೊಳ ಲೇಖಕಿಯ ಕಲ್ಪನೆಯಲ್ಲ, ಷಿಕಾಗೋದ ಆಗ್ನೇಯ ಮೂಲೆಯಲ್ಲಿ ನಿಜವಾಗಿಯೂ ಇದೆ. ಕ್ಯಾರೊಲಿನ್ನಳ ತಂದೆ ಯಾರೆಂಬುದನ್ನು ನಾನಿಲ್ಲಿ ಹೇಳಲಾರೆ. ಇನ್ನೂ ಓದದವರ ಸುಖವನ್ನು ಕಸಿದ ಪಾಪ ನನಗೇಕೆ?

ಈ ಕಾದಂಬರಿಯ ಹಿನ್ನೆಲೆಯಲ್ಲಿ ಒಂದು ಊರಿನ ನಿಜವಾದ ಸಂಕಟವಿದೆ. ದಕ್ಷಿಣ ಷಿಕಾಗೋದ ಬದುಕೆಲ್ಲ ಉಕ್ಕಿನಿಂದ ನಡೆಯುತ್ತಿತ್ತು. 1980ರ ಮಾರ್ಚ್ ತಿಂಗಳ ಕೊನೆಯಲ್ಲಿ ವಿಸ್ಕಾನ್ಸಿನ್ ಸ್ಟೀಲ್ ಕಾರ್ಖಾನೆ ಇದ್ದಕ್ಕಿದ್ದಂತೆ ಮುಚ್ಚಿತು; ಮೂರು ಸಾವಿರಕ್ಕೂ ಹೆಚ್ಚು ಮಂದಿ ಬೀದಿಪಾಲಾದರು. ಒಂದು ಕಾಲಕ್ಕೆ ಸಾವಿರಾರು ಕುಟುಂಬಗಳಿಗೆ ಅನ್ನವಿಕ್ಕಿದ ಸೌತ್ ವರ್ಕ್ಸ್ ಕಾರ್ಖಾನೆಯೂ ಸೊರಗುತ್ತ ಸೊರಗುತ್ತ 1992ರಲ್ಲಿ ಬಾಗಿಲೆಳೆಯಿತು. ಉಳಿದದ್ದು ಕಲುಷಿತ ನೆಲ, ನೀರು, ಮತ್ತು ಕೆಮ್ಮುವ ಮುದುಕರು. ಇಂಥವರ ಪಾಲಿಗೆ ನ್ಯಾಯಾಲಯದ ಬಾಗಿಲು ತೆರೆದೇ ಇದೆ, ನಿಜ. ಆದರೆ ಒಳಗೆ ಹೋಗಲು ಪುರಾವೆ ಬೇಕು, ಆ ಪುರಾವೆ ಇರುವುದು ಕಂಪೆನಿಯ ಬೀರುವಿನಲ್ಲಿ. ವಿ. ಐ. ಮಾಡುವ ಕೆಲಸವೆಲ್ಲ ಈ ಬೀರುವಿನ ಬೀಗ ತೆರೆಯುವುದೇ. ತೆರೆದ ಮೇಲೂ ದೊಡ್ಡ ಮನುಷ್ಯರಿಗೆ ಯಾವಾಗಲೂ ಶಿಕ್ಷೆಯಾಗುತ್ತದೆಂದಿಲ್ಲ. ಸತ್ಯವು ಸತ್ತವರ ಮನೆಯವರಿಗೆ ತಿಳಿಯುತ್ತದೆ, ಅಷ್ಟೆ. ಅಷ್ಟಕ್ಕಾಗಿ ಒಬ್ಬಳು ಪ್ರಾಣವನ್ನು ಪಣವಾಗಿಡಬೇಕೆ ಎಂದು ಆಕೆಯ ಹಿತೈಷಿಗಳೇ ಕೇಳುತ್ತಾರೆ.

ಆ ಹಿತೈಷಿಗಳ ಬಳಗವೇ ಈ ಮಾಲೆಯ ಇನ್ನೊಂದು ಆಕರ್ಷಣೆ. ಕೆಳಗಿನ ಮನೆಯ ವೃದ್ಧ ಕಾಂಟ್ರೇರಸ್—ನಿವೃತ್ತ ಕಾರ್ಖಾನೆ ಕೆಲಸಗಾರ—ವಿ. ಐ.ಯ ಮನೆಗೆ ಯಾವ ಗಂಡಸು ಬಂದ, ಎಷ್ಟು ಹೊತ್ತಿಗೆ ಹೋದ ಎಂಬುದನ್ನೆಲ್ಲ ಬಾಗಿಲ ಸಂದಿಯಿಂದ ಗಮನಿಸುವವನು. ಇಂಥ ನೆರೆಯವರು ಯಾವ ಊರಿನಲ್ಲಿಲ್ಲ! ಪ್ರಾಣಕ್ಕೆ ಬಂದಾಗ ಕೈಗೆ ಸಿಕ್ಕ ಆಯುಧ ಹಿಡಿದು ಓಡಿಬರುವವನೂ ಅವನೇ. ವೈದ್ಯೆ ಲಾಟಿ ಹರ್ಷಲ್ ವಿಯೆನ್ನಾದ ಯೆಹೂದಿ, ನಾಟ್ಸಿಗಳಿಂದ ಪಾರಾಗಲು ಬಾಲ್ಯದಲ್ಲೇ ಇಂಗ್ಲೆಂಡಿಗೆ ಕಳುಹಿಸಲ್ಪಟ್ಟವಳು, ತಾಯಿಯಿಲ್ಲದ ವಿ. ಐ.ಗೆ ಹೆಚ್ಚುಕಡಿಮೆ ತಾಯಿ. ಅವಳ ಗತಕಾಲದ ನೋವನ್ನು 2001ರ ‘ಟೋಟಲ್ ರಿಕಾಲ್’ ತೆರೆದಿಡುತ್ತದೆ. ನಾಟ್ಸಿಗಳು ಕೊಂದವರ ಜೀವವಿಮೆಯ ಹಣ ಯಾರ ಕೈ ಸೇರಿತು ಎಂಬುದೇ ಅಲ್ಲಿಯ ಪ್ರಶ್ನೆ. ವಿಮೆಯ ವಿಷಯವನ್ನು ಲೇಖಕಿ ಬಿಟ್ಟಿಲ್ಲ ನೋಡಿ.

ದೋಷಗಳಿಲ್ಲವೆ? ಇವೆ. ನಗರದ ಖಳರೆಲ್ಲ ಕೊನೆಯಲ್ಲಿ ಒಂದೇ ದಾರದಲ್ಲಿ ಪೋಣಿಸಿಕೊಂಡು ಬರುವುದು ಕೆಲವೊಮ್ಮೆ ಅತಿಯೆನಿಸುತ್ತದೆ. ರಾತ್ರಿ ಮೂಳೆ ಮುರಿಯುವಂತೆ ಹೊಡೆತ ತಿಂದವಳು ಬೆಳಗಾಗುತ್ತಲೇ ನಾಯಿಗಳೊಡನೆ ಸರೋವರದ ದಂಡೆಗೆ ಓಡುವುದನ್ನು ವೈದ್ಯರು ನಂಬಲಾರರು. ಈಚಿನ ಕಾದಂಬರಿಗಳಲ್ಲಿ ಭಾಷಣದ ಧ್ವನಿಯೂ ಅಲ್ಲಲ್ಲಿ ಕೇಳುತ್ತದೆ. 1991ರಲ್ಲಿ ಕ್ಯಾಥ್ಲೀನ್ ಟರ್ನರ್ ನಾಯಕಿಯಾಗಿ ಒಂದು ಚಲನಚಿತ್ರವೂ ಬಂದಿತು. ಅದರ ಬಗ್ಗೆ ಹೆಚ್ಚು ಹೇಳದಿರುವುದೇ ಮರ್ಯಾದೆ.

ಸಾರಾ ಅವರೊಬ್ಬರೇ ಈ ಹಾದಿ ತುಳಿದರೆನ್ನುವುದು ತಪ್ಪಾದೀತು. ಇಂಗ್ಲೆಂಡಿನಲ್ಲಿ ಪಿ. ಡಿ. ಜೇಮ್ಸ್ 1972ರಲ್ಲೇ ಕಾರ್ಡೀಲಿಯಾ ಗ್ರೇ ಎಂಬ ತರುಣಿಗೆ ಪತ್ತೇದಾರಿ ಕಚೇರಿಯನ್ನು ವಹಿಸಿದ್ದರು. ಆ ಕಾದಂಬರಿಯ ಹೆಸರೇ ಇದು ಹೆಂಗಸಿಗೆ ತಕ್ಕ ಕೆಲಸವಲ್ಲವೆಂದು ಸಾರುತ್ತದೆ, ವ್ಯಂಗ್ಯವಾಗಿ. ಮಾರ್ಷಿಯಾ ಮುಲ್ಲರ್ 1977ರಲ್ಲಿ, ಸ್ಯೂ ಗ್ರಾಫ್ಟನ್ 1982ರಲ್ಲಿ ತಮ್ಮ ತಮ್ಮ ಪತ್ತೇದಾರಿಣಿಯರನ್ನು ಕರೆತಂದರು. ಆದರೆ ಪತ್ರಿಕೆಗಳ ವಿಮರ್ಶೆಯ ಅಂಕಣಗಳು ಗಂಡಸರ ಪುಸ್ತಕಗಳಿಗೇ ಮೀಸಲಾಗಿದ್ದವು. 1986ರಲ್ಲಿ ಸಾರಾ ಮುಂದಾಗಿ, ‘ಸಿಸ್ಟರ್ಸ್ ಇನ್ ಕ್ರೈಮ್’ ಎಂಬ ಸಂಘವನ್ನು ಇತರ ಲೇಖಕಿಯರೊಡನೆ ಕಟ್ಟಿದರು. ಯಾವ ಪತ್ರಿಕೆ ಎಷ್ಟು ಹೆಂಗಸರ ಪುಸ್ತಕಗಳನ್ನು ವಿಮರ್ಶಿಸಿತೆಂದು ಎಣಿಸಿ ಲೆಕ್ಕ ಒಪ್ಪಿಸುವುದು ಅದರ ಮೊದಮೊದಲ ಕೆಲಸಗಳಲ್ಲೊಂದು. ಲೆಕ್ಕದ ಕಾಗದದಿಂದ ಅಪರಾಧಿಯನ್ನು ಹಿಡಿಯುವ ವಿದ್ಯೆ ಇಲ್ಲಿಯೂ ಒದಗಿತು! 2011ರಲ್ಲಿ ಅಮೆರಿಕದ ಪತ್ತೇದಾರಿ ಲೇಖಕರ ಸಂಘ ಅವರಿಗೆ ‘ಗ್ರ್ಯಾಂಡ್ ಮಾಸ್ಟರ್’ ಎಂಬ ತನ್ನ ಪರಮೋಚ್ಚ ಗೌರವವನ್ನಿತ್ತಿತು.

ಮಾಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳಾಗಿವೆ. 2024ರಲ್ಲಿ ಬಂದ ‘ಪೇ ಡರ್ಟ್’ನಲ್ಲಿ ವಿ. ಐ. ಲೇಖಕಿಯ ಬಾಲ್ಯದ ಕ್ಯಾನ್ಸಾಸಿಗೇ ಹೋಗುತ್ತಾಳೆ. ಹೊಸದಾಗಿ ಓದುವವರು ಮೊದಲಿನಿಂದ ಹಿಡಿದರೆ ಒಂದು ಸಣ್ಣ ವಸ್ತುವಿನ ಮೇಲೆ ಕಣ್ಣಿಡಲಿ. ತಾಯಿ ಗೇಬ್ರಿಯೆಲಾ ಇಟಲಿಯಿಂದ ಓಡಿಬರುವಾಗ ಬಟ್ಟೆಗಳ ನಡುವೆ ಸುತ್ತಿ ತಂದ ಕೆಂಪು ಗಾಜಿನ ವೆನಿಸ್ ಬಟ್ಟಲುಗಳು ಮಗಳ ಮನೆಯಲ್ಲಿವೆ. ಒಳ್ಳೆಯ ದಿನಗಳಲ್ಲಿ ಮಾತ್ರ ಹೊರಗೆ ತೆಗೆಯುತ್ತಾಳೆ. ಪ್ರತಿ ಸಲ ದುಷ್ಟರು ಮನೆಗೆ ನುಗ್ಗಿ ಎಲ್ಲವನ್ನೂ ಚೆಲ್ಲಾಪಿಲ್ಲಿ ಮಾಡಿ ಹೋದಾಗ ಆಕೆ ಮೊದಲು ಓಡುವುದು ಹಣದ ಪೆಟ್ಟಿಗೆಯ ಬಳಿಗಲ್ಲ, ಆ ಬಟ್ಟಲುಗಳ ಬಳಿಗೆ. ಮೊದಲ ಕಾದಂಬರಿಯಲ್ಲೇ ಒಂದು ಒಡೆಯುತ್ತದೆ.