ಕ್ಯಾಪ್ಟನ್ ಹೋದ, ಬಂದರಿಗೆ ಹೆಸರುಳೀತು!

ಕತ್ತಿವರಸೆಯ ಹೀರೋ ಎರಾಲ್ ಫ್ಲಿನ್ ಅಂದ್ರೆ ನನಗೆ ಪ್ರಾಣ. 1935ರ ‘ಕ್ಯಾಪ್ಟನ್ ಬ್ಲಡ್’ ಚಿತ್ರದಲ್ಲಿ ಗುಲಾಮನಾಗಿ ಜಮೈಕಾದಲ್ಲಿ ಇಳಿದವನು, ನಿಜಜೀವನದಲ್ಲಿ ಅಲ್ಲಿಗೆ ಬಂದಿಳಿದದ್ದು ಸ್ವಂತ ಹಡಗಿನ ಯಜಮಾನನಾಗಿ! 1946ರಲ್ಲಿ ಕೊಂಡ 118 ಅಡಿಯ ‘ಝಾಕಾ’ ಅವನ ಹೆಮ್ಮೆ. ಪೋರ್ಟ್ ಆಂಟೋನಿಯೋ ಬಂದರಿಗೆ ಮರುಳಾಗಿ, ಎದುರಿಗಿದ್ದ ನೇವಿ ದ್ವೀಪವನ್ನೇ ಖರೀದಿಸಿಬಿಟ್ಟ.

ಆಮೇಲೆ? ಹಣದ ಮುಗ್ಗಟ್ಟು ಕುತ್ತಿಗೆಗೆ ಬಂತು. 1959ರಲ್ಲಿ ಆ ಝಾಕಾವನ್ನೇ ಬೇರೆಯವರ ಕೈಗೊಪ್ಪಿಸುವ ಮಾತುಕತೆಗೆಂದು ಕೆನಡಾದ ವ್ಯಾಂಕೂವರ್‌ಗೆ ಹೋದವನು ಅಲ್ಲೇ ತೀರಿಕೊಂಡ. ವಯಸ್ಸು ಬರೀ 50!

ಇಂದು ಪೋರ್ಟ್ ಆಂಟೋನಿಯೋದ ಮರೀನಾಕ್ಕೆ ಅವನದೇ ಹೆಸರು. ಪರದೇಶದಿಂದ ಬರುವ ಖಾಸಗಿ ನೌಕೆ ಹಳದಿ ಬಾವುಟ ಏರಿಸಿ ಕಸ್ಟಮ್ಸ್‌ನವರಿಗೆ ಕಾಯಬೇಕು, ಎಂಥಾ ಕುಬೇರನದ್ದೇ ಆಗಿರಲಿ! ತನ್ನ ಹಡಗನ್ನೇ ಉಳಿಸಿಕೊಳ್ಳಲಾಗದವನ ಹೆಸರು ಹೇಳಿಕೊಂಡು ಇಷ್ಟೊಂದು ಹಡಗುಗಳು ದಡ ಸೇರ್ತಾವಲ್ಲ... ಅಭಿಮಾನಿಗಳೇ, ಸ್ಟಾರ್ ಅಂದ್ರೆ ಇದೇ ಕಣ್ರೀ!